ಮೊದಲ ಏಟು ಯಾರದು?

ದರೋಡೆಕೋರರ ನಾಯಕನ ಜೊತೆ ಸಂಧಾನ ನಡೆದಿದೆ. ಮೇಜಿನ ಸುತ್ತ ಕೂತ ಐವರಲ್ಲಿ ಒಬ್ಬಳು ಒತ್ತೆಯಾಳುಗಳನ್ನು ಬಿಡಿಸಿಕೊಳ್ಳಲು ಮಾತಿಗೆ ಮಾತು ಕೂಡಿಸುತ್ತಿದ್ದಾಳೆ. ಅಷ್ಟರಲ್ಲಿ ಪಕ್ಕದಲ್ಲಿದ್ದವನ ತಾಳ್ಮೆ ಕೆಡುತ್ತದೆ. ‘ಸಾಕು ಮಾತು, ಅವನ ಎದೆಗೆ ಬಾಣ ಬಿಟ್ಟೆ’ ಎನ್ನುತ್ತಾನೆ. ಆಟ ನಡೆಸುವಾಕೆ ‘ಸರಿ, ಎಲ್ಲರೂ ದಾಳ ಹಾಕಿ, ಯಾರು ಮೊದಲು ನೋಡೋಣ’ ಎನ್ನುತ್ತಾಳೆ. ಬಾಣದವನಿಗೆ ಬೀಳುವುದು 3, ನಾಯಕನಿಗೆ 17. ಅಂದರೆ ಬಾಣ ಬಿಲ್ಲಿನಿಂದ ಹೊರಡುವ ಮೊದಲೇ ನಾಯಕ ಕತ್ತಿ ಬೀಸಬಹುದು. ಅಲ್ಲಿಂದ ಶುರು: ‘ಅದು ಹೇಗೆ? ನಾನು ಬಾಣ ಬಿಡದಿದ್ದರೆ ಹೊಡೆದಾಟವೇ ಇಲ್ಲ. ಇನ್ನೂ ಶುರುವೇ ಆಗದ ಹೊಡೆದಾಟದಲ್ಲಿ ಅವನು ನನಗಿಂತ ಮೊದಲು ಹೇಗೆ ಹೊಡೀತಾನೆ?’

ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ನಿಯಮ ಪುಸ್ತಕದಲ್ಲಿ ಉತ್ತರವೂ ಇದೆ. ಆದರೂ ಈ ಜಗಳ ಆಡದ ಆಟಗಾರರ ಗುಂಪು ಸಿಗುವುದು ಕಷ್ಟ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ ಹೊರಬಂದಾಗಿನಿಂದ, ಅದರ ಬೆನ್ನಿಗೆ ಬಂದ ರೋಲ್‌ಪ್ಲೇಯಿಂಗ್ ಆಟಗಳಲ್ಲೆಲ್ಲ, ಹೊಡೆದಾಟದಲ್ಲಿ ಯಾರ ಸರದಿ ಮೊದಲು ಎಂಬುದು ಬಗೆಹರಿಯದೆ ಉಳಿದುಕೊಂಡಿದೆ. ಆಟಗಾರರು ಇದನ್ನು ‘ಇನಿಶಿಯೇಟಿವ್’ ಎನ್ನುತ್ತಾರೆ. ವಿನ್ಯಾಸಕರು ಐವತ್ತು ವರ್ಷಗಳಿಂದ ಇದನ್ನು ಬಿಚ್ಚಿ ಕಟ್ಟುತ್ತಲೇ ಬಂದಿದ್ದಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಒಬ್ಬರು ಗೇಮ್ ಮಾಸ್ಟರ್. ಕಥೆಯ ಲೋಕ, ಶತ್ರುಗಳು, ರಾಕ್ಷಸರು, ಸಂತೆಯ ವ್ಯಾಪಾರಿಗಳು ಎಲ್ಲ ಅವರ ಕೈಯಲ್ಲಿ. ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ: ಒಬ್ಬ ಯೋಧ, ಒಬ್ಬಳು ಮಾಂತ್ರಿಕಳು, ಇನ್ನೊಬ್ಬ ಕಳ್ಳ. ತಾನೇನು ಮಾಡುತ್ತೇನೆಂದು ಆಟಗಾರ ಬಾಯಲ್ಲಿ ಹೇಳುತ್ತಾನೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೊದಲ ಕಂತಿನಲ್ಲಿ ನಾಲ್ವರು ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡುವುದು ಇದನ್ನೇ. ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗಳಲ್ಲೂ ಈಗ ಇದರ ದಾಳಗಳ ಸದ್ದು ಕೇಳುತ್ತದೆ.

ಚೌಕಾಬಾರದಲ್ಲಿ ಸರದಿಯ ತಕರಾರು ಹೆಚ್ಚು ಬೆಳೆಯುವುದಿಲ್ಲ. ಸುತ್ತಲೂ ಕೂತವರಿಗೆ ಒಬ್ಬರಾದ ಮೇಲೊಬ್ಬರಂತೆ ಕವಡೆ ಹೋಗುತ್ತದೆ. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಸಲ. ಅಲ್ಲಿನ ಕಾಯಿ ಯಾರನ್ನೂ ಅನುಕರಿಸುತ್ತಿಲ್ಲ, ಅದು ಬರೀ ಕಾಯಿ. ರೋಲ್‌ಪ್ಲೇಯಿಂಗ್ ಆಟದ ಯೋಧ ಹಾಗಲ್ಲ. ಅವನಿಗೊಂದು ಊರಿದೆ, ಹಗೆಯಿದೆ, ಕೈಯಲ್ಲಿ ಇಷ್ಟು ತೂಕದ ಕತ್ತಿಯಿದೆ. ಕಥೆಯ ಒಳಗೆ ಎಲ್ಲರೂ ಒಟ್ಟಿಗೇ ಹೊಡೆದಾಡುತ್ತಿದ್ದಾರೆ. ಮೇಜಿನ ಸುತ್ತ ಮಾತ್ರ ಒಬ್ಬೊಬ್ಬರೇ ಮಾತಾಡಬೇಕು. ಒಟ್ಟಿಗೇ ನಡೆಯುವುದನ್ನು ಒಂದಾದ ಮೇಲೊಂದರಂತೆ ಹೇಳಬೇಕಾದಲ್ಲಿ ಯಾವ ನಿಯಮ ಮಾಡಿದರೂ ಎಲ್ಲೋ ಒಂದು ಕಡೆ ಎಳೆ ಬಿಡುತ್ತದೆ.

ಈ ತೊಡಕು ಈ ಆಟಕ್ಕಿಂತ ಹಳೆಯದು. 1824ರಲ್ಲಿ ಪ್ರಷ್ಯಾದ ಫಿರಂಗಿ ದಳದ ಅಧಿಕಾರಿ ಗೇಯೋರ್ಗ್ ಫಾನ್ ರೈಸ್‌ವಿಟ್ಸ್ ಸೈನ್ಯಾಧಿಕಾರಿಗಳ ತರಬೇತಿಗಾಗಿ ‘ಕ್ರೀಗ್‌ಷ್ಪೀಲ್’ ಎಂಬ ಯುದ್ಧದಾಟವನ್ನು ಒಂದು ರೂಪಕ್ಕೆ ತಂದ. ಒಂದು ಸುತ್ತು ಎಂದರೆ ರಣರಂಗದ ಎರಡು ನಿಮಿಷ. ಎರಡೂ ಪಕ್ಷಗಳು ತಮ್ಮ ಆಜ್ಞೆಗಳನ್ನು ಬರೆದು ನಡುವಿನ ತೀರ್ಪುಗಾರನಿಗೆ ಕೊಡುತ್ತಿದ್ದವು. ಅವನು ಎರಡನ್ನೂ ಓದಿ ನಕಾಶೆಯ ಮೇಲೆ ದಳಗಳನ್ನು ಒಟ್ಟಿಗೇ ಸರಿಸುತ್ತಿದ್ದ. ಹಾಗಾಗಿ ಮೊದಲು ಯಾರು ಎಂಬ ಪ್ರಶ್ನೆ ಹೆಚ್ಚುಕಡಿಮೆ ಏಳುತ್ತಲೇ ಇರಲಿಲ್ಲ. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ದೊಡ್ಡದು: ಬರೆಯಬೇಕು, ಕಾಯಬೇಕು, ಜೊತೆಗೆ ಎಲ್ಲರೂ ನಂಬುವಂಥ ತೀರ್ಪುಗಾರ ಬೇಕು. ಆ ತೀರ್ಪುಗಾರನ ಕಲ್ಪನೆ 1880ರ ಅಮೆರಿಕನ್ ಪುಸ್ತಕ ‘ಸ್ಟ್ರಾಟೆಗೋಸ್’ ಮೂಲಕ ಮಿನೆಸೋಟದ ಡೇವ್ ವೆಸ್ಲಿಗೆ ತಲುಪಿತು. ಅವರ ಗೆಳೆಯರ ಬಳಗದಲ್ಲಿದ್ದ ಡೇವ್ ಆರ್ನೆಸನ್ ಅದನ್ನು ನೆಲಮಾಳಿಗೆಯ ಸುರಂಗಗಳಿಗೂ ರಾಕ್ಷಸರಿಗೂ ಒಗ್ಗಿಸಿದರು. ಇಂದಿನ ಗೇಮ್ ಮಾಸ್ಟರ್ ಆ ಪ್ರಷ್ಯನ್ ತೀರ್ಪುಗಾರನ ವಂಶದವರು.

ಇನ್ನೊಂದು ಕಡೆ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಜೊತೆ ಸೇರಿ 1971ರಲ್ಲಿ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟ ಪ್ರಕಟಿಸಿದ್ದರು. ಅದರಲ್ಲಿ ಸರದಿಗೆ ಒಂದಲ್ಲ, ಎರಡು ಪದ್ಧತಿಗಳಿದ್ದವು. ದಾಳ ಹಾಕಿ, ಗೆದ್ದವರು ಮೊದಲು ನಡೆಯುವುದೋ ನಂತರವೋ ಎಂದು ಆರಿಸಿಕೊಳ್ಳುವುದು ಒಂದು. ಆಜ್ಞೆ ಬರೆದಿಟ್ಟು ಒಟ್ಟಿಗೇ ನಡೆಸುವುದು ಇನ್ನೊಂದು. ಯಾವುದನ್ನು ಬಳಸಬೇಕೆಂಬುದನ್ನು ಆಡುವವರಿಗೇ ಬಿಟ್ಟಿದ್ದರು. ಮೂರು ವರ್ಷಗಳ ನಂತರ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಕೂಡಿ ತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನ ಮೂರು ಕಿರುಪುಸ್ತಕಗಳು ಓದುಗರ ಬಳಿ ‘ಚೈನ್‌ಮೇಲ್’ ಇದ್ದೇ ಇದೆ ಎಂದು ಭಾವಿಸಿ ಬರೆದಂಥವು. ಯಾರು ಮೊದಲು ಹೊಡೆಯಬೇಕೆಂಬ ಸ್ಪಷ್ಟ ನಿಯಮವೇ ಅವುಗಳಲ್ಲಿ ಇರಲಿಲ್ಲ. ಹಳೆಯ ಪುಸ್ತಕ ನೋಡದ ಕಾಲೇಜು ಹುಡುಗರು ತಮತಮಗೆ ತೋಚಿದ್ದನ್ನು ಮಾಡಿಕೊಂಡರು. ಊರಿಗೊಂದು ರಿವಾಜು ಹುಟ್ಟಿತು.

ಆ ಗೊಂದಲವನ್ನು ತಿಳಿಗೊಳಿಸಲು ಹೊರಟವರಲ್ಲಿ ಒಬ್ಬರು ನರವಿಜ್ಞಾನದ ಪ್ರಾಧ್ಯಾಪಕ ಎರಿಕ್ ಹೋಮ್ಸ್. ಹೊಸಬರಿಗಾಗಿ 1977ರಲ್ಲಿ ಬಂದ ಅವರ ಪುಸ್ತಕದಲ್ಲಿ ನಿಯಮ ಸರಳ: ಯಾರ ಕೈಚಳಕದ ಅಂಕ ಹೆಚ್ಚೋ ಅವರ ಏಟು ಮೊದಲು. 1981ರಲ್ಲಿ ಟಾಮ್ ಮೋಲ್ಡ್‌ವೇ ಅದಕ್ಕಿಂತ ಸರಳ ಮಾಡಿದರು. ಪ್ರತಿ ಸುತ್ತಿನಲ್ಲೂ ಪಕ್ಷಕ್ಕೊಂದು ಆರು ಮುಖದ ದಾಳ. ಹೆಚ್ಚು ಬಿದ್ದ ಪಕ್ಷದವರೆಲ್ಲ ಮೊದಲು, ಉಳಿದವರೆಲ್ಲ ನಂತರ. ಈ ಪದ್ಧತಿ ಇಂದಿಗೂ ಸತ್ತಿಲ್ಲ. 2019ರ ‘ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್’ ಅದನ್ನೇ ಹೊಸ ಅಚ್ಚಿನಲ್ಲಿ ಉಳಿಸಿಕೊಂಡಿದೆ. ವೇಗ ಅದರ ಬಲ. ಜೋಡಿ ಸರದಿ ಅದರ ದೋಷ. ಈ ಸುತ್ತಿನಲ್ಲಿ ಕೊನೆಗೆ ಆಡಿದ ಪಕ್ಷ ಮುಂದಿನ ಸುತ್ತಿನ ದಾಳ ಗೆದ್ದರೆ ನಡುವೆ ಎದುರಾಳಿಗೆ ಉಸಿರಾಡಲೂ ಬಿಡದೆ ಎರಡು ಸಲ ಹೊಡೆಯುತ್ತದೆ. ಸಮ ಬಿದ್ದಾಗ ಮತ್ತೆ ಹಾಕುವ ರೂಢಿಯಿದ್ದರೆ, ಎರಡು ಸುತ್ತುಗಳ ಸಂದಿಯಲ್ಲಿ ಯಾವುದಾದರೂ ಒಂದು ಪಕ್ಷಕ್ಕೆ ಹೀಗೆ ಜೋಡಿ ಸರದಿ ಸಿಗುವ ಸಾಧ್ಯತೆ ಸರಿಯಾಗಿ ಅರ್ಧ. ಇದು ಯುದ್ಧದ ಅನಿಶ್ಚಿತತೆಯ ರುಚಿ ಎನ್ನುವವರೂ ಉಂಟು, ಬರೀ ಅನ್ಯಾಯ ಎನ್ನುವವರೂ ಉಂಟು. ಪುಟ್ಟ ಬೊಂಬೆಗಳ ಸೈನ್ಯ ಕಟ್ಟಿ ಆಡುವ ‘ಏಜ್ ಆಫ್ ಸಿಗ್ಮಾರ್’ ಆಟದಲ್ಲೂ ಇದೇ ಜೋಡಿ ಸರದಿಯ ಬಗ್ಗೆ ವರ್ಷಗಳಿಂದ ಜಟಾಪಟಿ ನಡೆದಿದೆ.

ಇಷ್ಟು ಸರಳವಾದದ್ದು ಗೈಗ್ಯಾಕ್ಸ್‌ಗೆ ಸಾಕಾಗಲಿಲ್ಲ. 1979ರಲ್ಲಿ ಅವರು ಬರೆದ ‘ಡಂಜನ್ ಮಾಸ್ಟರ್ಸ್ ಗೈಡ್’ ಈ ಆಟಗಳ ಚರಿತ್ರೆಯಲ್ಲೇ ಅತ್ಯಂತ ಹೆಚ್ಚು ಜಗಳಕ್ಕೆ ಕಾರಣವಾದ ಪುಸ್ತಕ ಎಂದರೆ ತಪ್ಪಾಗದು. ಒಂದು ಸುತ್ತು ಎಂದರೆ 1 ನಿಮಿಷ. ಅದರೊಳಗೆ 6 ಸೆಕೆಂಡುಗಳ 10 ತುಂಡುಗಳು. ಪ್ರತಿ ಮಂತ್ರಕ್ಕೂ ಇಷ್ಟು ತುಂಡು ಎಂದು ಪಠಣ ಕಾಲ. ಪ್ರತಿ ಆಯುಧಕ್ಕೂ ಒಂದು ವೇಗದ ಅಂಕ. ಎದುರಾಳಿಯ ಮೇಲೆ ಓಡಿ ಬಂದು ಬಿದ್ದರೆ ದಾಳದ ಮಾತೇ ಇಲ್ಲ, ಉದ್ದದ ಆಯುಧದ ಏಟು ಮೊದಲು. ಎರಡೂ ಪಕ್ಷಕ್ಕೆ ದಾಳ ಸಮ ಬಿದ್ದರೆ ಮಾತ್ರ ವೇಗದ ಅಂಕ ಹೊರಗೆ ಬರುತ್ತದೆ. ಒಂದೊಂದು ನಿಯಮವನ್ನೂ ಬಿಡಿಯಾಗಿ ಓದಿದರೆ ಅರ್ಥವಾಗುತ್ತದೆ. ಒಟ್ಟಿಗೆ ಹಿಡಿದರೆ ಒಂದು ಇನ್ನೊಂದರ ಕಾಲು ತುಳಿಯುತ್ತದೆ. ಈ ಒಂದು ಭಾಗವನ್ನು ಬಿಡಿಸಿ ಹೇಳಲೆಂದೇ ಅಭಿಮಾನಿಗಳು ಮುಂದೆ ಅಡಿಟಿಪ್ಪಣಿಗಳಿಂದ ತುಂಬಿದ ಪ್ರತ್ಯೇಕ ಕೈಪಿಡಿ ಸಿದ್ಧಪಡಿಸಬೇಕಾಯಿತು. ಪುಸ್ತಕದ ಇಂಥ ಸೂಕ್ಷ್ಮ ನಿಯಮಗಳಲ್ಲಿ ಹಲವನ್ನು ತಮ್ಮ ಮನೆಯ ಆಟದಲ್ಲಿ ತಾವೇ ಬಳಸುತ್ತಿರಲಿಲ್ಲವೆಂದು ಗೈಗ್ಯಾಕ್ಸ್ ಇಳಿವಯಸ್ಸಿನಲ್ಲಿ ಒಪ್ಪಿಕೊಂಡರು.

ಆದರೂ ಆ ನಿಯಮಗಳ ಹಿಂದಿನ ಪ್ರಶ್ನೆ ಗಟ್ಟಿಯಾದದ್ದು. ಚಾಕು ಮತ್ತು ಈಟಿ ಎದುರುಬದುರಾದರೆ ಮೊದಲು ತಾಗುವುದು ಯಾವುದು? ಹಗುರ ಆಯುಧ ಬೇಗ ಬೀಸಬಹುದು, ಆದ್ದರಿಂದ ಚಾಕು ಎಂಬುದು ಒಂದು ವಾದ. 1978ರಲ್ಲಿ ಬಂದ ‘ರೂನ್‌ಕ್ವೆಸ್ಟ್’ ಇದಕ್ಕೆ ಉಲ್ಟಾ ಹೇಳಿತು. ಅದರ ಮುಖ್ಯ ಕರ್ತೃ ಸ್ಟೀವ್ ಪೆರಿನ್, ಕವಚ ತೊಟ್ಟು ಮಧ್ಯಯುಗದ ಕಾಳಗಗಳನ್ನು ಮೈಯಾರೆ ಆಡಿ ನೋಡುವ ಅಮೆರಿಕನ್ ಸಂಘವೊಂದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ಎದುರಿಗೆ ಉದ್ದನೆಯ ಈಟಿ ಹಿಡಿದವನಿದ್ದರೆ ಚಾಕುವಿನವನು ಹತ್ತಿರ ಸುಳಿಯುವುದೇ ಕಷ್ಟವೆಂದು ಇಂಥ ಕಾಳಗ ಆಡಿದವರಿಗೆ ಹೇಳಿಕೊಡಬೇಕಿಲ್ಲ. ಹಾಗಾಗಿ ಅವರ ಆಟದಲ್ಲಿ 12 ಸೆಕೆಂಡುಗಳ ಸುತ್ತನ್ನು 12 ಮೆಟ್ಟಿಲು ಮಾಡಿ, ಎತ್ತರದ ಆಳಿಗೂ ಉದ್ದದ ಆಯುಧಕ್ಕೂ ಮುಂಚಿನ ಮೆಟ್ಟಿಲು ಕೊಟ್ಟರು. ಕಾಳಗದ ಮಟ್ಟಿಗೆ ಪೆರಿನ್ ವಾದವೇ ಹೆಚ್ಚು ಸರಿ. ಈಟಿಯ ಮೊನೆ ದಾಟಿ ಒಳಗೆ ನುಗ್ಗಿದ ಮೇಲೆ ಮಾತ್ರ ಚಾಕುವಿನ ಕಾಲ ಬರುತ್ತದೆ.

1989ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನ ಎರಡನೇ ಆವೃತ್ತಿ ಗೈಗ್ಯಾಕ್ಸ್ ಅವರ ಗೋಜಲನ್ನು ಒಂದು ಕೂಡುವ ಲೆಕ್ಕಕ್ಕೆ ಇಳಿಸಿತು. ಏನು ಮಾಡುತ್ತೀರೆಂದು ಮೊದಲೇ ಹೇಳಬೇಕು, ಆಮೇಲೆ ಹತ್ತು ಮುಖದ ದಾಳ. ಕಡಿಮೆ ಬಿದ್ದವರು ಮೊದಲು. ಬೇಕೆನ್ನುವವರು ಆಯುಧದ ವೇಗ ಮತ್ತು ಮಂತ್ರದ ಪಠಣ ಕಾಲವನ್ನು ಅದಕ್ಕೆ ಕೂಡಿಸಿಕೊಳ್ಳಬಹುದು. ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಗೆ 10, ಚಾಕುವಿಗೆ 2, ಬೆಂಕಿಯುಂಡೆಯ ಮಂತ್ರಕ್ಕೆ 3. ಯೋಧನಿಗೆ 4 ಬಿದ್ದರೆ ಒಟ್ಟು 14. ಮಾಂತ್ರಿಕನಿಗೆ 6 ಬಿದ್ದರೆ 9. ಯೋಧನಿಗಿಂತ ಮಾಂತ್ರಿಕ ಮುಂದು. ಆದರೆ ಎದುರಿನ ಚಾಕುವಿನವನಿಗೆ 5 ಬಿದ್ದು ಒಟ್ಟು 7 ಆದರೆ ಅವನು ಇಬ್ಬರಿಗಿಂತಲೂ ಮುಂದು. ಅವನ ಏಟು ಮಾಂತ್ರಿಕನಿಗೆ ತಾಗಿದರೆ ಅರ್ಧ ಹೇಳಿದ ಮಂತ್ರ ಅಲ್ಲೇ ಮುರಿದು, ಆ ಸುತ್ತೂ ವ್ಯರ್ಥ, ಮಂತ್ರವೂ ಖರ್ಚು.

ಸರದಿಯ ನಿಯಮದಲ್ಲಿ ಅಡಗಿದ್ದ ಸಮತೋಲ ಇದೇ. ಬೆಂಕಿಯುಂಡೆಯಿಂದ ಇಡೀ ಕೋಣೆಯನ್ನು ಸುಡಬಲ್ಲವನನ್ನು ಒಂದು ಚಾಕು ತಡೆಯಬಲ್ಲುದಾಗಿತ್ತು. ಮಾಂತ್ರಿಕನ ಮುಂದೆ ಅಡ್ಡ ನಿಲ್ಲಲು ಯೋಧ ಬೇಕಾಗಿತ್ತು. ದೊಡ್ಡ ಮಂತ್ರವೋ ಚುರುಕು ಮಂತ್ರವೋ ಎಂದು ಮೊದಲೇ ತೂಗಿ ನೋಡಬೇಕಾಗಿತ್ತು. ಮುಂದೆ ಲೆಕ್ಕ ಸರಳವಾದಾಗ ಈ ಹೆದರಿಕೆಯೂ ಹೋಯಿತು.

ಅದು ಹೋದದ್ದು 2000ದಲ್ಲಿ. ಜೊನಾಥನ್ ಟ್ವೀಟ್, ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ರೂಪಿಸಿದ ಮೂರನೇ ಆವೃತ್ತಿ ಒಂದು ಸುತ್ತನ್ನು 6 ಸೆಕೆಂಡಿಗೆ ಇಳಿಸಿತು. ಹೊಡೆದಾಟದ ಆರಂಭದಲ್ಲಿ ಎಲ್ಲರೂ ಒಂದೇ ಸಲ ಇಪ್ಪತ್ತು ಮುಖದ ದಾಳ ಹಾಕಿ, ಕೈಚಳಕದ ಹೆಚ್ಚುವರಿ ಅಂಕ ಕೂಡಿಸುತ್ತಾರೆ. ಆ ಕ್ರಮ ಹೊಡೆದಾಟ ಮುಗಿಯುವವರೆಗೂ ಗಾಣದಂತೆ ತಿರುಗುತ್ತದೆ. ಮೊದಲೇ ಹೇಳಿ ಕಟ್ಟುಬೀಳುವ ಅಗತ್ಯವಿಲ್ಲ. ನಿಮ್ಮ ಸರದಿ ಬಂದಾಗ ನೋಡಿಕೊಂಡು ಮಾಡಬಹುದು. ಮಂತ್ರವೂ ಅಷ್ಟೇ, ಸರದಿಯಲ್ಲೇ ಶುರುವಾಗಿ ಸರದಿಯಲ್ಲೇ ಮುಗಿಯುತ್ತದೆ. ಆಟ ಸಲೀಸಾಯಿತು. ಮಾಂತ್ರಿಕನನ್ನು ನಡುವೆ ತಡೆಯುವ ದಾರಿಗಳು ಮಾತ್ರ ಕಿರಿದಾದವು. ಆ ಆವೃತ್ತಿಯಲ್ಲಿ ಕತ್ತಿ ಹಿಡಿದವರಿಗೂ ಮಂತ್ರ ಹೇಳುವವರಿಗೂ ನಡುವೆ ಬೆಳೆದ ಅಂತರಕ್ಕೆ ಮಂತ್ರಗಳ ಪಟ್ಟಿಯನ್ನು ದೂರುವವರೇ ಹೆಚ್ಚು. ಸರದಿಯ ಈ ಬದಲಾವಣೆಗೂ ಅದರಲ್ಲಿ ದೊಡ್ಡ ಪಾಲಿದೆ.

ಇಪ್ಪತ್ತು ಮುಖದ ದಾಳದ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಕೈಚಳಕಕ್ಕೆ +4 ಇರುವ ನುರಿತ ಕಳ್ಳಿ, ಏನೂ ಇಲ್ಲದ ಸಾಮಾನ್ಯ ಕಾವಲುಗಾರ: ಇವರಿಬ್ಬರೂ ದಾಳ ಹಾಕಿದರೆ 100ಕ್ಕೆ 66 ಸಲ ಕಳ್ಳಿ ಮುಂದು, 4 ಸಲ ಸಮ, 30 ಸಲ ಕಾವಲುಗಾರನೇ ಮುಂದು. ಜೀವಮಾನವಿಡೀ ಚುರುಕುತನವನ್ನೇ ಸಾಣೆ ಹಿಡಿದ ಪಾತ್ರ ತೂಕಡಿಸುವ ಕಾವಲುಗಾರನಿಗೆ ಹತ್ತರಲ್ಲಿ ಮೂರು ಸಲ ಸೋಲುವುದು ಆಟಗಾರ್ತಿಗೆ ಸಹಜವಾಗಿಯೇ ಕಸಿವಿಸಿ. ಇದೇ ಆಟದ ಐದನೇ ಆವೃತ್ತಿಯ ನಿಯಮಗಳ ಮೇಲೆ 2023ರಲ್ಲಿ ಬಂದ ಕಂಪ್ಯೂಟರ್ ಆಟ ‘ಬಾಲ್ಡರ್ಸ್ ಗೇಟ್ 3’ ಇಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿತು: ಇಪ್ಪತ್ತರ ಬದಲು ನಾಲ್ಕು ಮುಖದ ದಾಳ. ಈಗ ಕಳ್ಳಿಗೆ ಅತಿ ಕಡಿಮೆಯೆಂದರೆ 5, ಕಾವಲುಗಾರನಿಗೆ ಅತಿ ಹೆಚ್ಚೆಂದರೆ 4. ಅವಳು ಸೋಲುವ ಮಾತೇ ಇಲ್ಲ. ದಾಳದ ಮುಖಗಳ ಸಂಖ್ಯೆಯೊಂದನ್ನು ಬದಲಿಸಿದ್ದಕ್ಕೆ ಅದೃಷ್ಟದ ಆಟ ಸಾಮರ್ಥ್ಯದ ಆಟವಾಯಿತು.

ಸುತ್ತುವ ಸರದಿಯ ಇನ್ನೊಂದು ವಿಚಿತ್ರವನ್ನು ಆಟಗಾರರೇ ಪತ್ತೆ ಹಚ್ಚಿದರು. ತನ್ನ ಸರದಿಯಲ್ಲಿ ‘ಇಂಥದ್ದು ನಡೆದರೆ ನಾನು ಇಂಥದ್ದು ಮಾಡುತ್ತೇನೆ’ ಎಂದು ಸಿದ್ಧವಾಗಿ ನಿಲ್ಲಲು ನಿಯಮ ಅವಕಾಶ ಕೊಡುತ್ತದೆ. ಹಾಗಿದ್ದರೆ 2,000 ಹಳ್ಳಿಗರನ್ನು ಸಾಲಾಗಿ ನಿಲ್ಲಿಸಿ, ‘ಹಿಂದಿನವನು ಈಟಿ ಕೊಟ್ಟೊಡನೆ ಮುಂದಿನವನಿಗೆ ದಾಟಿಸುತ್ತೇನೆ’ ಎಂದು ಎಲ್ಲರಿಂದ ಹೇಳಿಸಿದರೆ? ಒಬ್ಬೊಬ್ಬನಿಗೆ 5 ಅಡಿ ಜಾಗ. ಈಟಿ 10,000 ಅಡಿ, ಅಂದರೆ ಸುಮಾರು 3 ಕಿಲೋಮೀಟರ್ ದೂರವನ್ನು 6 ಸೆಕೆಂಡಿನ ಒಂದೇ ಸುತ್ತಿನಲ್ಲಿ ದಾಟುತ್ತದೆ. ಸೆಕೆಂಡಿಗೆ 500 ಮೀಟರ್. ಶಬ್ದದ ವೇಗಕ್ಕಿಂತ ಹೆಚ್ಚು! ಕೊನೆಯವನು ಎಸೆದರೆ ಕೋಟೆ ಒಡೆಯಬೇಡವೇ ಎಂಬುದು ವಾದ. ಇದು ಆಟಗಾರರ ವಲಯದಲ್ಲಿ ಎಷ್ಟು ಹೆಸರು ಮಾಡಿತೆಂದರೆ, 2024ರ ‘ಡಂಜನ್ ಮಾಸ್ಟರ್ಸ್ ಗೈಡ್’ ನಿಯಮಗಳು ಭೌತಶಾಸ್ತ್ರವಲ್ಲ ಎಂದು ಬಿಡಿಸಿ ಹೇಳುತ್ತ ಇದೇ ಸಾಲುಮಂದಿಯ ಈಟಿಯನ್ನು ಉದಾಹರಣೆ ಕೊಟ್ಟು ಬೇಡವೆಂದಿದೆ. ನಗು ತರಿಸುವ ವಾದವಾದರೂ ಅದು ಬೆರಳಿಟ್ಟು ತೋರಿಸುವುದು ನಿಜವಾದ ಬಿರುಕನ್ನು: ಒಟ್ಟಿಗೇ ನಡೆಯುವ 6 ಸೆಕೆಂಡುಗಳನ್ನು ಎಷ್ಟು ಜನರ ನಡುವೆ ಬೇಕಾದರೂ ಸರದಿಯಾಗಿ ಹಂಚಬಹುದು, ಅವು ಹಿಗ್ಗುತ್ತಲೇ ಹೋಗುತ್ತವೆ.

ಬಾಣದವನ ತಕರಾರಿಗೆ ಪುಸ್ತಕ ಕೊಡುವ ಉತ್ತರವನ್ನು ಈಗ ನೋಡಬಹುದು. 2014ರ ಐದನೇ ಆವೃತ್ತಿಯ ಪ್ರಕಾರ ಏಟು ಎಂಬುದು ಹೊಡೆದಾಟದ ಒಳಗಿನ ಕ್ರಿಯೆ. ಆದ್ದರಿಂದ ದಾಳ ಮೊದಲು, ಬಾಣ ಆಮೇಲೆ. ಆಟಗಾರ ಬಾಯಲ್ಲಿ ‘ಬಿಟ್ಟೆ’ ಎಂದರೂ ಕಥೆಯಲ್ಲಿ ಅವನ ಕೈ ಬಿಲ್ಲಿನ ಕಡೆ ಹೋಗಿದೆ ಅಷ್ಟೇ. ನಾಯಕ ಅದನ್ನು ಕಂಡ, ಅವನ ಕೈ ಚುರುಕಾಗಿತ್ತು. ಇನ್ನು ‘ಗಮನಕ್ಕೇ ಬಾರದಂತೆ ಮೇಲೆ ಬಿದ್ದೆ’ ಎಂಬ ಲಾಭ ಬೇಕೆಂದರೆ ಅಡಗಿರಬೇಕು. ಎದುರಿಗೆ ನಿಂತು ಮಾತಾಡುತ್ತಿದ್ದವನಿಗೆ ಅದು ದಕ್ಕುವುದಿಲ್ಲ. ಉತ್ತರ ಸರಿಯಾಗಿಯೇ ಇದೆ. ಆದರೆ ನಾಯಕನ ಸರದಿಯಾದ ಮೇಲೆ ಬಾಣದವನು ಮನಸ್ಸು ಬದಲಿಸಿ ಬಿಲ್ಲನ್ನೇ ಮುಟ್ಟದಿದ್ದರೆ? ನಾಯಕ ಏನನ್ನು ಕಂಡು ಕತ್ತಿ ಎಳೆದಂತಾಯಿತು? ಇಲ್ಲಿ ಪುಸ್ತಕ ಮುಗಿಯುತ್ತದೆ, ಗೇಮ್ ಮಾಸ್ಟರ್‌ನ ವಿವೇಕ ಶುರುವಾಗುತ್ತದೆ.

ಇದಕ್ಕಿಂತ ಹೆಚ್ಚು ಬಿಸಿಯೇರಿಸಿದ್ದು ಹಂತಕ ಪಾತ್ರದ ಪ್ರಸಂಗ. ಅದೇ ಆವೃತ್ತಿಯಲ್ಲಿ ಮೈಮರೆತ ಶತ್ರುವಿಗೆ ಹಂತಕ ಹೊಡೆದರೆ ಆ ಏಟಿನ ದಾಳಗಳು ಇಮ್ಮಡಿ. ಆದರೆ ಮೈಮರೆತವನಿಗೂ ಒಂದು ಸರದಿ ಉಂಟು. ಅವನು ಅದರಲ್ಲಿ ಏನೂ ಮಾಡಲಾರ, ಸರದಿ ಕಳೆದೊಡನೆ ಎಚ್ಚರವಾಗುತ್ತಾನೆ. ಹಾಗಾಗಿ ಗಂಟೆಗಟ್ಟಲೆ ಹೊಂಚು ಹಾಕಿ ಕತ್ತಲಲ್ಲಿ ಹಿಂದಿನಿಂದ ಬಂದ ಹಂತಕನಿಗೆ ದಾಳದಲ್ಲಿ ಕಡಿಮೆ ಬಿದ್ದರೆ, ಅವನ ಏಟು ಬೀಳುವ ಹೊತ್ತಿಗೆ ಶತ್ರುವಿಗೆ ಎಚ್ಚರ. ಯೋಜನೆಯೆಲ್ಲ ನೀರುಪಾಲು. ನಿಯಮ ಹೀಗೆಯೇ ಎಂದು ಮುಖ್ಯ ವಿನ್ಯಾಸಕ ಜೆರೆಮಿ ಕ್ರಾಫರ್ಡ್ ಸ್ಪಷ್ಟಪಡಿಸಿದ ಮೇಲೂ ಅನೇಕರಿಗೆ ಮನಸ್ಸು ಒಪ್ಪಲಿಲ್ಲ. 2024ರ ಪರಿಷ್ಕರಣೆಯಲ್ಲಿ ಈ ಏರ್ಪಾಟನ್ನೇ ಕಿತ್ತುಹಾಕಿ, ಮೈಮರೆತವರು ಸರದಿಗಾಗಿ ಎರಡು ದಾಳ ಹಾಕಿ ಕಡಿಮೆಯದನ್ನು ಇಟ್ಟುಕೊಳ್ಳಬೇಕು ಎಂದು ಮಾಡಲಾಯಿತು. ಹೊಂಚು ಹಾಕಿದವರಿಗೆ ಒಂದು ಇಡೀ ಸುತ್ತು ಪುಕ್ಕಟೆ ಸಿಗುತ್ತಿದ್ದದ್ದು ತಪ್ಪಿತು. ಹೊಂಚುದಾಳಿಯೇ ಸಪ್ಪೆಯಾಯಿತೆಂಬ ದೂರು ಅದರ ಹಿಂದೆಯೇ ಬಂತು.

ಗಾಣ ತಿರುಗಿದಂತಿರುವ ಸರದಿ ಐದನೇ ಆವೃತ್ತಿಯ ಪ್ರಮುಖ ವಿನ್ಯಾಸಕರಲ್ಲೊಬ್ಬರಾದ ಮೈಕ್ ಮರ್ಲ್ಸ್ ಅವರಿಗೂ ಹಿಡಿಸಿರಲಿಲ್ಲ. 2017ರಲ್ಲಿ ಅವರು ಪ್ರಯೋಗಕ್ಕೆಂದು ಬೇರೊಂದು ಪದ್ಧತಿ ಬಿಟ್ಟರು: ಪ್ರತಿ ಸುತ್ತಿನಲ್ಲೂ ಏನು ಮಾಡುತ್ತೀರೆಂದು ಮೊದಲೇ ಹೇಳಿ, ಅದಕ್ಕೆ ತಕ್ಕ ದಾಳ ಹಾಕಿ. ಬಾಣಕ್ಕೆ ನಾಲ್ಕು ಮುಖದ್ದು, ಕತ್ತಿಗೆ ಎಂಟು, ಮಂತ್ರಕ್ಕೆ ಹನ್ನೆರಡು, ನಡೆಯುವುದೂ ಬೇಕಿದ್ದರೆ ಇನ್ನೊಂದು ಆರು. ಕಡಿಮೆ ಮೊತ್ತದವರು ಮೊದಲು. ಹಳೆಯ ಎರಡನೇ ಆವೃತ್ತಿಯ ಜೀವ ಇದರಲ್ಲಿ ಮಿಡಿಯುತ್ತಿತ್ತು. ಮೆಚ್ಚಿದವರು ಇದ್ದರು, ಪ್ರತಿ ಸುತ್ತಿಗೂ ಹಿಡಿಯುವ ಸಮಯ ನೋಡಿ ಬೇಡವೆಂದವರೂ ಇದ್ದರು. ಮೂಲ ಪುಸ್ತಕಕ್ಕೆ ಅದು ಸೇರಲೇ ಇಲ್ಲ.

ಇಲ್ಲಿಯವರೆಗಿನ ವಾದಗಳಲ್ಲಿ ಎಲ್ಲರೂ ಕತ್ತಿ, ಬಾಣ, ಮಂತ್ರಗಳ ಹೆಸರಿನಲ್ಲೇ ಮಾತಾಡುತ್ತಾರೆ. ಆದರೆ ಮೇಜಿನ ಸುತ್ತ ನಿಜವಾಗಿ ಹಂಚಿಕೆಯಾಗುತ್ತಿರುವುದು ಸಂಜೆಯ ಹೊತ್ತು. ಐವರು ಆಟಗಾರರು, ಒಬ್ಬೊಬ್ಬರ ಸರದಿಗೆ 4 ನಿಮಿಷ, ಗೇಮ್ ಮಾಸ್ಟರ್‌ನ ರಾಕ್ಷಸರಿಗೆ 6 ನಿಮಿಷ ಎಂದುಕೊಂಡರೂ, ಒಮ್ಮೆ ಆಡಿದವರು ಮತ್ತೆ ಬಾಯಿ ತೆರೆಯಲು 22 ನಿಮಿಷ ಕಾಯಬೇಕು. ಸರದಿಯ ನಿಯಮವೆಂದರೆ ಯಾರ ಮಾತನ್ನು ಎಲ್ಲರೂ ಯಾವಾಗ ಕೇಳಬೇಕೆಂಬ ನಿಯಮ. ಜಗಳಗಳು ಇಷ್ಟು ಕಾವೇರುವುದು ಅದಕ್ಕೇ. ಬಾಣ ಬಿಟ್ಟವನ ಸಿಟ್ಟಿನಲ್ಲಿ ತರ್ಕವಿತ್ತು ನಿಜ. ಆದರೆ ಸಂಧಾನ ನಡೆಸುತ್ತಿದ್ದವಳ ಮಾತನ್ನು ಅವನು ನಡುವೆಯೇ ಕತ್ತರಿಸಿದ್ದ ಎಂಬುದನ್ನು ಯಾರೂ ಎತ್ತಲಿಲ್ಲ.

ಇದು ಅತ್ಯಂತ ಸ್ಪಷ್ಟವಾಗಿ ಕಂಡದ್ದು 1989ರಲ್ಲಿ ಬಂದ ‘ಷಾಡೋರನ್’ನಲ್ಲಿ. ನರಮಂಡಲಕ್ಕೆ ತಂತಿ ಹೂಡಿಸಿಕೊಂಡು ಮಿಂಚಿನ ವೇಗ ಪಡೆದ ಯೋಧರು ಆ ಆಟದ ಮುಖ್ಯ ಆಕರ್ಷಣೆ. ಅದರ ಎರಡನೇ ಆವೃತ್ತಿಯಲ್ಲಿ ಒಬ್ಬನಿಗೆ 34 ಬಂದರೆ ಅವನು 34, 24, 14, 4 ಎಂದು ನಾಲ್ಕು ಸಲ ಆಡುತ್ತಾನೆ. 12 ಬಂದ ಗೆಳತಿ 12ರಲ್ಲಿ ಮೊದಲ ಸಲ ಬಾಯಿ ತೆರೆಯುವ ಹೊತ್ತಿಗೆ ಅವನದು ಮೂರು ಸಲ ಆಗಿರುತ್ತದೆ. ಎದುರಿಗೆ ಉಳಿದಿರುವುದು ಹೆಣಗಳು ಮಾತ್ರ. ಕಥೆಯ ದೃಷ್ಟಿಯಿಂದ ತಪ್ಪೇನಿಲ್ಲ, ವೇಗದವನು ವೇಗವಾಗಿಯೇ ಇರಬೇಕು. ಆದರೆ ಅವಳೂ ಆಡಲೆಂದೇ ಬಂದವಳು. 1998ರ ಮೂರನೇ ಆವೃತ್ತಿ ಎಲ್ಲರೂ ಒಂದೊಂದು ಸಲ ಆಡಿದ ಮೇಲೆಯೇ ವೇಗದವರಿಗೆ ಎರಡನೆಯದು ಎಂದು ಮಾಡಿತು. ವೇಗದ ರೋಮಾಂಚನ ಸ್ವಲ್ಪ ಕಡಿಮೆಯಾಯಿತು, ಮೇಜಿನ ಸುತ್ತಲ ಮುಖಗಳು ಅರಳಿದವು. ಇಂಥ ಕಡೆ ಕಥೆಯ ನಿಜಕ್ಕಿಂತ ಕೂತವರ ಪಾಲು ದೊಡ್ಡದೆಂದೇ ಎಣಿಸಬೇಕು.

ಬೇರೆ ಆಟಗಳು ಬೇರೆ ಬೇರೆ ದಾರಿ ಹಿಡಿದವು. 1990ರ ದಶಕದ ‘ವ್ಯಾಂಪೈರ್’ನಲ್ಲಿ ನಿಧಾನದವರು ತಮ್ಮ ಉದ್ದೇಶವನ್ನು ಮೊದಲು ಹೇಳಬೇಕು, ಚುರುಕಿನವರು ಕೊನೆಗೆ, ನಡೆಯುವುದು ಮಾತ್ರ ತಿರುಗುಮುರುಗು. ಚುರುಕಾಗಿರುವುದೆಂದರೆ ಎದುರಾಳಿಯ ಮನಸ್ಸನ್ನು ಓದಿಕೊಂಡು ಹೆಜ್ಜೆ ಇಡುವುದು ಎಂಬ ಚಂದದ ಒಳನೋಟ ಅದರಲ್ಲಿದೆ. ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾದ ಬೇಸರವೂ ಇದೆ. 2003ರ ‘ಸ್ಯಾವೇಜ್ ವರ್ಲ್ಡ್ಸ್’ ಪ್ರತಿ ಸುತ್ತಿಗೂ ಎಲ್ಲರಿಗೂ ಒಂದೊಂದು ಇಸ್ಪೀಟು ಎಲೆ ಹಂಚುತ್ತದೆ. ದೊಡ್ಡ ಎಲೆ ಮೊದಲು. ಜೋಕರ್ ಬಂದವರು ಬೇಕಾದಾಗ ನುಗ್ಗಬಹುದು, ಜೊತೆಗೆ ಎಲ್ಲ ದಾಳಕ್ಕೂ +2. ಎಲೆಗಳು ಎಲ್ಲರ ಕಣ್ಣ ಮುಂದೆ ಬಿಚ್ಚಿಕೊಂಡಿರುವುದರಿಂದ ‘ಈಗ ಯಾರದು?’ ಎಂದು ಕೇಳುವ ಪ್ರಮೇಯವೇ ಇಲ್ಲ. ಈ ಎಲ್ಲ ಪದ್ಧತಿಗಳಲ್ಲಿ ಜಗಳಕ್ಕೆ ಅತಿ ಕಡಿಮೆ ಎಡೆ ಕೊಡುವುದು ಇದೇ ಇರಬೇಕು.

2012ರಲ್ಲಿ ಬಂದ ‘ಮಾರ್ವೆಲ್ ಹೀರೋಯಿಕ್ ರೋಲ್‌ಪ್ಲೇಯಿಂಗ್’ ದಾಳವನ್ನೂ ಎಲೆಯನ್ನೂ ಬದಿಗಿಟ್ಟಿತು. ಆಡಿ ಮುಗಿಸಿದವರೇ ಮುಂದೆ ಯಾರು ಎಂದು ಹೆಸರಿಸಬೇಕು. ಎಲ್ಲರೂ ಒಂದು ಸಲ ಆಡಿದ ಮೇಲೆ, ಕೊನೆಗೆ ಆಡಿದವರು ಮುಂದಿನ ಸುತ್ತನ್ನು ಯಾರು ಆರಂಭಿಸಬೇಕೆಂದು ಹೇಳುತ್ತಾರೆ. ಬೇಕಿದ್ದರೆ ತಮ್ಮ ಹೆಸರನ್ನೇ ಹೇಳಬಹುದು. ‘ಪಾಪ್‌ಕಾರ್ನ್’ ಎಂಬ ಅಡ್ಡಹೆಸರಿನಲ್ಲಿ ಇದು ಬೇರೆ ಆಟಗಳಿಗೂ ಹಬ್ಬಿತು. ನಾಯಕರೆಲ್ಲ ತಮ್ಮತಮ್ಮಲ್ಲೇ ಸರದಿ ದಾಟಿಸಿಕೊಂಡು ಮೊದಲೇ ಆಡಿ ಮುಗಿಸಿದರೆ ಖಳರೆಲ್ಲ ಕೊನೆಗೆ ಉಳಿಯುತ್ತಾರೆ. ಕೊನೆಯ ಖಳ ಮುಂದಿನ ಸುತ್ತನ್ನೂ ತನ್ನವರಿಗೇ ಕೊಡುತ್ತಾನೆ. ಆಗ ಖಳರಿಗೆ ಬೆನ್ನುಬೆನ್ನಿಗೆ ಎರಡು ಸರದಿ. ಅತಿ ಆಸೆಗೆ ಕಡಿವಾಣ ನಿಯಮದೊಳಗೇ ಇದೆ. ಇದರಲ್ಲಿ ಇನ್ನೊಂದು ಒಳ್ಳೆಯದೂ ಇದೆ: ತನ್ನ ಹೆಸರು ಯಾವಾಗ ಬರುವುದೋ ತಿಳಿಯದ ಕಾರಣ ಯಾರೂ ಮೊಬೈಲಿಗೆ ತಲೆ ತಗ್ಗಿಸುವುದಿಲ್ಲ.

2010ರಲ್ಲಿ ವಿನ್ಸೆಂಟ್ ಬೇಕರ್ ಬರೆದ ‘ಅಪೋಕ್ಯಾಲಿಪ್ಸ್ ವರ್ಲ್ಡ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸರದಿಯನ್ನೇ ತೆಗೆದುಹಾಕಿತ್ತು. ಆಟವೆಂದರೆ ಮಾತುಕತೆ, ಹೊಡೆದಾಟವೂ ಅದೇ ಮಾತುಕತೆಯ ಮುಂದುವರಿಕೆ. ಯಾರತ್ತ ತಿರುಗಿ ‘ನೀನೇನು ಮಾಡ್ತೀಯಾ?’ ಎಂದು ಕೇಳಬೇಕೆಂಬುದು ನಡೆಸುವವರಿಗೆ ಬಿಟ್ಟದ್ದು. ಬಾಣದವನ ತಕರಾರು ಇಲ್ಲಿ ಹುಟ್ಟುವುದೇ ಇಲ್ಲ. ಅವನು ಬಾಣ ಬಿಟ್ಟ, ದಾಳ ಹಾಕಿದ, ಫಲ ಬಂತು, ಕಥೆ ಮುಂದೆ ಹೋಯಿತು. ಆದರೆ ದನಿ ಜೋರಿರುವವರು ಹತ್ತು ಸಲ ಆಡಿ, ಸಂಕೋಚದವರು ಒಂದು ಸಲವೂ ಆಡದೆ ಮನೆಗೆ ಹೋಗುವ ಅಪಾಯ ಇಲ್ಲಿ ಹೆಚ್ಚು. ಒಳ್ಳೆಯ ಗೇಮ್ ಮಾಸ್ಟರ್ ಅದನ್ನು ಗಮನಿಸಿ ಸರಿದೂಗಿಸುತ್ತಾರೆ. ಹೊಸಬರಿಗೆ ಅದು ಭಾರ. ದಾಳ ಹಾಕಿ ಗೋಡೆಗೆ ಬರೆದಿಟ್ಟ ಕ್ರಮವನ್ನು ಬೇಸರದ್ದೆಂದು ಹಳಿಯುವವರು ಒಂದನ್ನು ಮರೆಯುತ್ತಾರೆ: ಮಾತಿಗೆ ನುಗ್ಗಲು ಬಾರದವರಿಗೆ ಆ ಪಟ್ಟಿಯೇ ದೊಡ್ಡ ಆಸರೆ. ತನ್ನ ಹೆಸರು ಬಂದೇ ಬರುತ್ತದೆಂಬ ಭರವಸೆ ಸಿಗುವುದು ಅಲ್ಲಿ.

ಈ ವಾದ ಈಗ ಮತ್ತೆ ಬಿಸಿಯಾಗಿದೆ. ತಮ್ಮ ಆಟವನ್ನು ಅಂತರ್ಜಾಲದಲ್ಲಿ ಲಕ್ಷಾಂತರ ಜನರಿಗೆ ತೋರಿಸಿ ಹೆಸರಾದ ‘ಕ್ರಿಟಿಕಲ್ ರೋಲ್’ ತಂಡದ ಪ್ರಕಾಶನ 2025ರ ಮೇ ತಿಂಗಳಲ್ಲಿ ‘ಡ್ಯಾಗರ್‌ಹಾರ್ಟ್’ ಹೊರತಂದಿತು. ಅದರಲ್ಲಿ ಇನಿಶಿಯೇಟಿವ್ ಇಲ್ಲ. ಕಥೆ ಯಾರನ್ನು ಕೇಳುತ್ತದೋ ಅವರು ಆಡುತ್ತಾರೆ. ಪ್ರತಿ ಯತ್ನಕ್ಕೂ ‘ಭರವಸೆ’ ಮತ್ತು ‘ಭಯ’ದ ಎರಡು ಹನ್ನೆರಡು ಮುಖದ ದಾಳ ಹಾಕಬೇಕು. ಯತ್ನ ಸೋತರೆ, ಇಲ್ಲವೇ ಭಯದ ದಾಳ ಹೆಚ್ಚು ಬಿದ್ದರೆ, ಆಟ ಗೇಮ್ ಮಾಸ್ಟರ್ ಕಡೆ ಹೊರಳುತ್ತದೆ. ಅದೇ ಪುಸ್ತಕದಲ್ಲಿ, ಬೇಕೆನ್ನುವ ಗುಂಪುಗಳಿಗಾಗಿ ಒಂದು ಐಚ್ಛಿಕ ನಿಯಮವೂ ಇದೆ. ಎಲ್ಲರೂ ಮೂರು ಮೂರು ಬಿಲ್ಲೆ ಇಟ್ಟುಕೊಳ್ಳಬೇಕು. ದಾಳ ಹಾಕುವ ಪ್ರತಿ ಯತ್ನಕ್ಕೂ ಒಂದನ್ನು ತೆಗೆಯಬೇಕು. ಮೂರೂ ಮುಗಿಸಿದವರು ಉಳಿದವರ ಬಿಲ್ಲೆಗಳು ಮುಗಿಯುವವರೆಗೆ ಮತ್ತೆ ದಾಳ ಮುಟ್ಟುವಂತಿಲ್ಲ.